ಹಲಗೆಯ ಮೇಲೆ ಬಿಟ್ಟ ಸಾಲು

ವಾರವಿಡೀ ನಾಗಸಂದ್ರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದರೂ ಭಾನುವಾರ ನನ್ನ ಬಾಯಿ ಸುಮ್ಮನಿರುವುದಿಲ್ಲ. ಜಾಲಹಳ್ಳಿಯ ಒಂದು ವಾಚನಾಲಯದ ಮಹಡಿಯಲ್ಲಿ, ಆಸಕ್ತಿ ಇದ್ದವರಿಗೆಂದು ಬೆಳಕು ಮತ್ತು ಎಲೆಕ್ಟ್ರಾನುಗಳ ಕ್ವಾಂಟಂ ಸಿದ್ಧಾಂತದ ಪಾಠ ಮಾಡುತ್ತೇನೆ. ಬರುವವರು ಏಳೆಂಟು ಜನ. ಅವರಲ್ಲಿ ಹಿರಿಯರೊಬ್ಬರು ಪೀಣ್ಯದ ಕಾರ್ಖಾನೆಯಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ನಡೆಸಿ ನಿವೃತ್ತರಾದವರು, ಅರವತ್ತು ದಾಟಿದ ಮೇಲೆ ತಾವೇ ಕೂತು ಗಣಿತ ಕಲಿತವರು.

ಅಂದು ಗೇಜ್ ಪರಿವರ್ತನೆಯ ಪಾಠ. ವಿದ್ಯುತ್ಕಾಂತೀಯ ವಿಭವದ ಸೊನ್ನೆಯನ್ನು ಒಂದೊಂದು ಜಾಗಕ್ಕೆ ಒಂದೊಂದು ರೀತಿ ಸರಿಸಿದರೂ ನಾವು ಅಳೆಯುವ ಯಾವುದೂ ಬದಲಾಗದು ಎಂದು ಹೇಳಿ, ವಿಭವ ಹೇಗೆ ಬದಲಾಗುತ್ತದೆ ಎಂಬ ಒಂದೇ ಸಾಲನ್ನು ಹಲಗೆಯ ಮೇಲೆ ಬರೆದು ಕೈ ಕೊಡವಿಕೊಂಡೆ.

ಆ ಹಿರಿಯರು ಕೈ ಎತ್ತಿದರು. "ಮೇಡಂ, ನಾವು ಮೆಷಿನ್ ಮೇಲಿನ ಜಾಬಿನ ಅಳತೆಯ ಜೀರೋ ಸರಿಸಿದ್ರೆ ಟೂಲಿನ ಲೆಕ್ಕಾನೂ ಜೊತೇಲೇ ಬದಲಾಯಿಸ್ತೀವಿ. ಇಲ್ಲಾಂದ್ರೆ ಪೀಸ್ ರಿಜೆಕ್ಟು. ಇಲ್ಲಿ ಎಲೆಕ್ಟ್ರಾನ್ ಹಂಗೇ ಇದ್ಬಿಡುತ್ತಾ?"

"ಇದು ಪೀಣ್ಯದ ಶೆಡ್ ಅಲ್ಲ ಕಣ್ರೀ, ಕ್ವಾಂಟಂ ಸಿದ್ಧಾಂತ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕು, ನೋಟ್‌ಬುಕ್ ಮುಚ್ಚಿದರು.

ಮನೆಗೆ ಬಂದು, ಅವರದು ತಪ್ಪೆಂದು ತೋರಿಸಲೆಂದೇ ಲೆಕ್ಕಕ್ಕೆ ಕುಳಿತೆ. ಎಲೆಕ್ಟ್ರಾನಿನ ಸಮೀಕರಣದಲ್ಲಿ ಒಂದು ಪದ ಹೆಚ್ಚಾಗಿ ಉಳಿಯಿತು. ಮತ್ತೆ ಮಾಡಿದೆ, ಮತ್ತೂ ಉಳಿಯಿತು. ಎಲೆಕ್ಟ್ರಾನನ್ನು ಪ್ರತಿನಿಧಿಸುವ ಕ್ಷೇತ್ರ ಆಪರೇಟರನ್ನೂ, ಅವರು ಟೂಲಿನ ಲೆಕ್ಕ ಬದಲಾಯಿಸುವ ಹಾಗೆಯೇ, ಸೊನ್ನೆ ಸರಿದದ್ದಕ್ಕೆ ತಕ್ಕಂತೆ ಜೊತೆಯಲ್ಲೇ ತಿರುಗಿಸಿದಾಗ ಮಾತ್ರ ಅದು ಹೋಯಿತು. ಯಾವ ಪಠ್ಯದಲ್ಲೂ ಇರುವ ಸಾಲು ಅದು. ನನ್ನ ಹಳೇ ನೋಟ್ಸನ್ನೇ ನಂಬಿ ವರ್ಷಗಟ್ಟಲೆ ಬಿಟ್ಟಿದ್ದೆ, ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಒಬ್ಬಳೇ ಇದ್ದರೂ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮುಂದಿನ ವಾರ ಎಲ್ಲರೆದುರು 'ನೀವು ಹೇಳಿದ್ದೇ ಸರಿ' ಎಂದುಬಿಡಬೇಕು ಅಂದುಕೊಂಡೆ.

ಅನ್ನಲಿಲ್ಲ. ಆ ಭಾನುವಾರ "ಈಗ ಎರಡನೇ ಭಾಗ" ಎಂದು, ಮೊದಲೇ ಯೋಚಿಸಿಟ್ಟವಳ ಹಾಗೆ ಆ ಸಾಲನ್ನು ಹಲಗೆಗೆ ಸೇರಿಸಿದೆ. ಅವರು ತಲೆ ಎತ್ತಿದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದವಳು ನಾನು. ಅವರು ಸಮಾಧಾನವಾಗಿ ಬರೆದುಕೊಳ್ಳುತ್ತಿದ್ದರು.

ಪಾಠ ಮುಗಿದು ಎಲ್ಲರೂ ಇಳಿದುಹೋದ ಮೇಲೆ ಹತ್ತಿರ ಬಂದರು. "ಹೋದ್ವಾರ ಪೂರ್ತಿ ಕೇಳ್ದೇನೇ ಮಧ್ಯ ಬಾಯಿ ಹಾಕ್ಬಿಟ್ಟೆ. ನೀವು ಇದನ್ನ ಹೇಳೋರೇ ಇದ್ರಿ. ಬೇಜಾರು ಮಾಡ್ಕೋಬೇಡಿ ಮೇಡಂ."

ಆಗಲಾದರೂ ಹೇಳಬಹುದಿತ್ತು. ಕೇಳಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

"ಪರ್ವಾಗಿಲ್ಲ ಬಿಡಿ" ಎಂದು ಅವರನ್ನು ಕ್ಷಮಿಸಿ ಕಳಿಸಿದೆ.