ಮೂವತ್ತೊಂದನೇ ಪುಟ

ಕಮಲಕ್ಕ ಮುದ್ರಣಾಲಯದ ಯಜಮಾನ ಬಕ್ಕೇಶಪ್ಪನವರನ್ನು ಮೊದಲ ಸಲ ಕಂಡದ್ದು 1961ರ ಜನವರಿಯ ಒಂದು ಶನಿವಾರ. ಹರಿಹರದಲ್ಲಿ ಟೀಚರ್ ಆಗಿದ್ದ ಅವಳು ಬೆಳಗಿನ ಶಾಲೆ ಮುಗಿಸಿ ರೈಲು ಹತ್ತಿ ದಾವಣಗೆರೆಗೆ ಬಂದಿದ್ದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಹಸ್ತಪ್ರತಿ. ಮುದ್ರಣಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಒಂದನ್ನು ಬಿಟ್ಟು, ಒಂದನ್ನು ಮೆಟ್ಟಿಕೊಂಡೇ ನಿಂತಿದ್ದಳು. ಒಳಗೆ ಐವತ್ತರ ಯಜಮಾನರು ಪಂಚಾಂಗದ ಕರಡು ತಿದ್ದುತ್ತಿದ್ದರು. ಬೆರಳೆಲ್ಲ ಮಸಿ.

"ಮೆಟ್ಟಿನ ಸಮೇತ ಬರ್ರಿ ತಾಯಿ, ಇದೇನು ಗುಡಿಯಲ್ಲ," ಎಂದರು.

ಮಕ್ಕಳ ಕಾದಂಬರಿ ಎಂದು ಹೇಳಿ ಕಟ್ಟು ಬಿಚ್ಚಿದಳು. ಅವರು ನಾಲ್ಕು ಹಾಳೆ ತಿರುವಿದರು.

"ಬರೇ ಕಾಗದ, ದಿನಚರಿ. ಕಥಿ ಎಲ್ಲೈತೆ?"

"ಅದರಾಗೇ ಐತ್ರಿ."

ಹರಿಹರದ ಹತ್ತಿರದ ಸಾರಥಿ ಹಳ್ಳಿಯ ಗಂಗಿ ಎಂಬ ಹುಡುಗಿ ದಾವಣಗೆರೆಯ ಅತ್ತೆಯ ಮನೆಯಲ್ಲಿದ್ದು ಓದುತ್ತಾಳೆ. ಊರಿನಿಂದ ಬರುವ, ಊರಿಗೆ ಹೋಗುವ ಪತ್ರಗಳು, ನಡುನಡುವೆ ಗಂಗಿಯ ದಿನಚರಿ, ಇಷ್ಟೇ ಪುಸ್ತಕ. ಕಮಲಕ್ಕನೂ ಸಾರಥಿಯವಳೇ, ಬೇರೆಯವರ ಮನೆಯಲ್ಲಿದ್ದೇ ಓದಿದವಳು. ತನ್ನ ನಾಲ್ಕನೇ ತರಗತಿಯ ಮಕ್ಕಳಿಗೆ ಅವರ ಮಾತಿನಲ್ಲೇ ಒಂದು ಪುಸ್ತಕ ಸಿಗಬೇಕೆಂಬುದು ಅವಳ ಬಹುದಿನದ ಆಸೆ.

"ಇನ್ನೂರು ಪ್ರತಿ ಹಾಕ್ತೀನಿ," ಎಂದರು ಬಕ್ಕೇಶಪ್ಪ. "ಮಕ್ಕಳು ಕಡೀತನ ಓದಿದ್ರೆ ದಸರಾಕ್ಕೆ ಸಾವಿರ. ಇಲ್ಲಾಂದ್ರೆ ಅದಕ್ಕಿಟ್ಟ ಕಾಗದದ ರೀಮೆಲ್ಲ ಪಂಚಾಂಗಕ್ಕೆ. ಬ್ಯಾಸರ ಮಾಡ್ಕಬ್ಯಾಡ್ರಿ."

ಜೂನ್ ತಿಂಗಳಲ್ಲಿ ಕಮಲಕ್ಕ ಇಪ್ಪತ್ತೆರಡು ಪ್ರತಿಗಳನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿದಳು. ವಾರದ ಮೇಲೆ ಹಿಂದಿರುಗಿದವುಗಳಲ್ಲಿ ಹದಿನೇಳಕ್ಕೆ ಮೂವತ್ತೊಂದನೇ ಪುಟವಿರಲಿಲ್ಲ.

"ಗಂಗಿ ಪಾಸಾದ್ಲೇನ್ರೀ ಟೀಚರ್?" ಎಂದು ಮಕ್ಕಳು ಕೇಳಿದರು. ಪರೀಕ್ಷೆಯ ಸುದ್ದಿ ಅದೇ ಹಾಳೆಯ ಹಿಂಬದಿಯಲ್ಲಿತ್ತು. ಮುಂದಿನದು ತಿಳಿಯದೆ ಹೆಚ್ಚಿನವರು ಅಲ್ಲಿಗೇ ಬಿಟ್ಟಿದ್ದರು. 

ಶನಿವಾರ ಪುಸ್ತಕಗಳ ಗಂಟು ಹೊತ್ತು ದಾವಣಗೆರೆಗೆ ಹೋಗಿ, ಹೊಲಿಗೆ ಸಡಿಲಾಗಿದೆಯೆಂದು ಬೈಂಡಿಂಗ್ ಮಾಡುವ ಹಿದಾಯತ್‌ನನ್ನು ತರಾಟೆಗೆ ತೆಗೆದುಕೊಂಡಳು. ಅವನು ಪುಸ್ತಕದ ಬೆನ್ನನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದ.

"ಸಡ್ಲಾಗಿದ್ರೆ ಇದರ ಜತಿ ಮಡಚಿದ ಜೋಡಿ ಹಾಳೀನೂ ಉದುರ್ತಿತ್ತು ಟೀಚರ್. ಇದು ಕೈಯಾರೆ ಹರಿದಿದ್ದು. ಅದೂ ಭಾಳ ಜ್ವಾಪಾನದಿಂದ."

ಹರಿಹರಕ್ಕೆ ಮರಳಿದವಳು ಹಾಳೆಯಿಲ್ಲದ ಪುಸ್ತಕ ತಂದಿದ್ದ ವಿದ್ಯಾರ್ಥಿನಿಯೊಬ್ಬಳ ತಾಯಿ ಮರಿಯವ್ವನ ಮನೆಗೇ ನಡೆದಳು. ಮರಿಯವ್ವ ಅಕ್ಕಿ ಆರಿಸುತ್ತಿದ್ದಳು. ಹಾಳೆಯ ಮಾತು ಎತ್ತಿದರೆ ಅಳುಕಲೂ ಇಲ್ಲ.

"ಹೂನ್ರಿ, ನಾನೇ ಹರಿದೆ. ಗಂಗಿ ಅಜ್ಜಯ್ಯ ತೀರ್ಕಂಡ ಅಂತ ಅವಳ ಮಾವ ಬರೆದ ಕಾಗದ ಅದು. ಸಾವಿನ ಕಾಗದ ಮನ್ಯಾಗ ಇಟ್ಕಂತಾರೇನ್ರೀ? ಮಗಳು ಓದಿದ್ಲು, ಇಬ್ರೂ ಅತ್ವಿ, ಹರಿದು ತಿಪ್ಪಿಗೆ ಹಾಕಿ ಮಕ ತೊಳ್ಕಂಡ್ವಿ."

"ಅದು ಕಥಿ, ಮರಿಯವ್ವ."

"ಕಥಿ ಅಂತ ನಂಗೂ ಗೊತ್ತೈತೆ. ನಿಮ್ಮನ್ಯಾಗ ಅಂಥ ಕಾಗದ ಇಟ್ಟೀರೇನು, ಹೇಳ್ರಿ ನೋಡಾನ?"

 ಅಪ್ಪ ತೀರಿಕೊಂಡ ಸುದ್ದಿಯ ಕಾರ್ಡನ್ನು ಕಮಲಕ್ಕನೂ ಹೊಸ್ತಿಲಲ್ಲೇ ಓದಿ ಹರಿದೆಸೆದವಳು. ಅಂಥ ಕಾಗದದಲ್ಲಿ ಏನು ಬರೆಯುತ್ತಾರೆಂಬುದು ನೆನಪಿತ್ತು. ಓದಿದ ಮೇಲೆ ಏನು ಮಾಡುತ್ತಾರೆಂಬುದೇ ಮರೆತಿತ್ತು. ಹಾದಿಯುದ್ದಕ್ಕೂ ಅವಳಿಗೆ ನಗು. ಹದಿನೇಳು ಮನೆಗಳು ತಾನು ಕಟ್ಟಿದ ಕಥೆಯ ಅಜ್ಜಯ್ಯನಿಗಾಗಿ ಮುಖ ತೊಳೆದುಕೊಂಡಿದ್ದವು.

ಮಾರನೆಯ ದಿನ ಮಾವನ ಕಾಗದ ಹೊಡೆದುಹಾಕಿ, ಆ ಜಾಗಕ್ಕೆ ಗಂಗಿಯ ದಿನಚರಿ ಬರೆದಳು: "ಇವತ್ತು ಮಾವ ಬಂದ. ಏನೂ ಹೇಳಲಿಲ್ಲ. ನನ್ನ ಬಟ್ಟೆ ಚೀಲಕ್ಕೆ ತುಂಬಿದ. ಅಜ್ಜಯ್ಯ ಇಲ್ಲ ಅಂತ ನನಗೆ ಆಗಲೇ ಗೊತ್ತಾಯಿತು." ಹಿಂಬದಿಗೆ ಪರೀಕ್ಷೆಯ ಸುದ್ದಿಯನ್ನೂ ನಕಲು ಮಾಡಿ, ಹದಿನೇಳು ಹಾಳೆ ಬರೆದು ಅಂಟಿಸಿ, ಪುಸ್ತಕಗಳನ್ನು ಮತ್ತೆ ಮನೆಗಳಿಗೆ ಕಳಿಸಿದಳು. ಈ ಸಲ ಒಂದು ಹಾಳೆಯೂ ಹರಿಯದೆ ಎಲ್ಲವೂ ಬಂದವು. ಕೊನೆಯಲ್ಲಿ ಗಂಗಿ ಊರಿಗೆ ಮರಳಿದ್ದು ಸರಿಯೋ ತಪ್ಪೋ ಎಂದು ಮಕ್ಕಳು ತರಗತಿಯಲ್ಲಿ ಜಗಳವಾಡಿದರು.

"ದಿನಚರಿ ಯಾಕ ಹರೀಲಿಲ್ಲ?" ಮುಂದಿನ ಶನಿವಾರ ಇದೆಲ್ಲ ಹೇಳಿದಾಗ ಬಕ್ಕೇಶಪ್ಪ ಕೇಳಿದರು.

"ಸಾವಿನ ಕಾಗದದಂಗೆ ಅದನ್ನ ಯಾರೂ ಯಾರ ಮನಿಗೂ ಕಳ್ಸಿಲ್ಲಲ್ರೀ."

ಅವರು ನಕ್ಕು, ರೀಮುಗಳನ್ನು ಪಂಚಾಂಗದ ಮೂಲೆಯಿಂದ ಈಚೆಗೆ ತರಿಸಿದರು. ದಸರೆಗೆ ಸಾವಿರ ಪ್ರತಿ ಅಚ್ಚಾಯಿತು.

ದಸರೆ ಕಳೆದಿದೆ. ಕಮಲಕ್ಕ ಈಗಲೂ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಹೇಳುತ್ತಾಳೆ. ಭಾನುವಾರ ಎರಡನೆಯ ಕಾದಂಬರಿ ಬರೆಯುತ್ತಾಳೆ, ಅಚ್ಚಿಗೆ ಕೊಡುವ ಮೊದಲು ಮರಿಯವ್ವನಿಗೆ ಓದಿ ಹೇಳುತ್ತಾಳೆ.