ತಾನಾಗಿ ಹಸಿರಾದ ಎರಡು ಪುಟಗಳು

ಅರ್ಜಿ ತುಂಬುವುದೆಂದರೆ ನನಗೆ ಮೊದಲಿನಿಂದಲೂ ಮೈ ಉರಿ. ಕೇಳಿದ್ದನ್ನೇ ಕೇಳುತ್ತಾರೆ, ಕೊಟ್ಟದ್ದನ್ನೇ ಮತ್ತೆ ಕೊಡಬೇಕು. ಆದರೆ ಆ ಅರ್ಜಿಯನ್ನು ಬಿಡುವ ಹಾಗಿರಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಖಾಯಂ ಟೀಚರ್ ಕೆಲಸ. ಮುಂದಿನ ಬಾರಿ ಕರೆಯುವಷ್ಟರಲ್ಲಿ ನನ್ನ ವಯಸ್ಸು ಮೀರಿರುತ್ತಿತ್ತು. ಆರು ವರ್ಷ ದಿನಗೂಲಿ ಟೀಚರಾಗಿ ಅಲೆದಿದ್ದೆ. ಒಂದು ವರ್ಷ ಮಂಜೇಶ್ವರದ ನಮ್ಮ ಮನೆಯ ಹತ್ತಿರ, ಮರುವರ್ಷ ದೂರದ ಬೋವಿಕಾನದ ಆಚೆ. ಈ ಸಲ ತಪ್ಪಿದರೆ ಮುಗಿಯಿತು.

ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬೇಕಿತ್ತು. ಕೊನೆಯ ದಿನ, ಸಂಜೆ ಐದರವರೆಗೆ. ಅಲ್ಲಿಯವರೆಗೆ ಯಾಕೆ ಕಾದೆ ಎಂದು ಕೇಳಬೇಡಿ, ಅದು ನನ್ನ ಹುಟ್ಟುಗುಣ. ಮೂರು ಗಂಟೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಎದುರಿಗೆ ನನ್ನ ತಾಯಿ ಪಲ್ಯಕ್ಕೆ ಅಲಸಂಡೆ ಮುರಿಯುತ್ತಿದ್ದಳು.

ಪರದೆಯ ಮೇಲ್ಗಡೆ ಒಂದರಿಂದ ಎಂಟರವರೆಗೆ ಸಾಲಾಗಿ ವೃತ್ತಗಳು. ಒಂದೊಂದು ಪುಟ ಮುಗಿದಂತೆ ಒಂದೊಂದು ವೃತ್ತ ಹಸಿರಾಗುತ್ತಿತ್ತು. ಮೂರನೆಯ ಪುಟದಲ್ಲಿ ಮಾತೃಭಾಷೆ ಯಾವುದೆಂದು ಕೇಳಿದ್ದರು. ಅದರಲ್ಲಿ ಯೋಚಿಸಲು ಏನಿದೆ? ನಾವು ಮನೆಯಲ್ಲಿ ಕೊಂಕಣಿ ಆಡುವ ಕ್ರಿಶ್ಚಿಯನ್ನರು. ತಾಯಿ ನನ್ನನ್ನು ಮುದ್ದು ಮಾಡಿದ್ದೂ ಬೈದದ್ದೂ ಅದರಲ್ಲೇ. ಕೊಂಕಣಿ ಎಂದು ಆರಿಸಿ ‘ಮುಂದೆ’ ಒತ್ತಿದೆ. ನಾಲ್ಕು ಮತ್ತು ಐದು ತಾವಾಗಿಯೇ ಹಸಿರಾಗಿ ನೇರ ಆರನೆಯ ಪುಟ ತೆರೆಯಿತು. ಎರಡು ಪುಟದ ಕೆಲಸ ಉಳಿಯಿತಲ್ಲ ಎಂದು ನನಗೆ ಖುಷಿಯೋ ಖುಷಿ.

ಎಂಟನೆಯ ಪುಟದಲ್ಲಿ ಕೊನೆಯ ಬಟನ್ ಒತ್ತಬೇಕು ಎನ್ನುವಾಗ ಗೆಳತಿಯ ಫೋನ್ ಬಂತು. ನನ್ನ ಹಾಗೆಯೇ ದಿನಗೂಲಿ ಟೀಚರು, ನನ್ನ ಹಾಗೆಯೇ ಕೊನೆಯ ದಿನದವಳು.

“ಕನ್ನಡ ಮೀಡಿಯಂ ಸರ್ಟಿಫಿಕೇಟ್ ನಿಂದು ಅಪ್‌ಲೋಡ್ ಆಯ್ತಾ? ನಂದು ತೆಗೊಳ್ಳುವುದೇ ಇಲ್ಲ ಮಾರಾಯ್ತಿ.”

“ಎಂತ ಸರ್ಟಿಫಿಕೇಟ್? ನನ್ನತ್ರ ಕೇಳಲೇ ಇಲ್ಲ.”

“ನಾಲ್ಕನೇ ಪೇಜಲ್ಲಿ ಉಂಟಲ್ಲ! ಐದರಲ್ಲಿ ಯಾವ ಕನ್ನಡ ಶಾಲೆ ಬೇಕು ಅಂತ ಉಂಟು. ಮಾತೃಭಾಷೆ ಎಂತ ಕೊಟ್ಟದ್ದು ನೀನು?”

“ಕೊಂಕಣಿ. ಮತ್ತೆ ಎಂತ ಕೊಡುವುದು?”

“ಅಯ್ಯೋ ದೇವರೇ! ನಮ್ಮ ಮನೆಯಲ್ಲಿ ತುಳು ಅಲ್ವಾ, ನಾನು ಕನ್ನಡ ಅಂತಲೇ ಕೊಟ್ಟದ್ದು. ಇಲ್ಲದಿದ್ರೆ ಆ ಪೇಜು ಓಪನ್ ಆಗುವುದಿಲ್ಲ. ಬೇಗ ಹಿಂದೆ ಹೋಗು.”

ಕನ್ನಡ ಶಾಲೆಗೆ ಕನ್ನಡದ ಮನೆಯವರೇ ಬರುತ್ತಾರೆಂದು ಆ ಅರ್ಜಿ ಮಾಡಿದವರು ಅಂದುಕೊಂಡಿರಬೇಕು. ನಾನು ಕಲಿತ ತರಗತಿಯಲ್ಲಿ ಮನೆಯಲ್ಲೂ ಕನ್ನಡ ಆಡುವವರು ಬೆರಳೆಣಿಕೆಯಷ್ಟು. ಉಳಿದವರಿಗೆ ತುಳು, ಬ್ಯಾರಿ, ಕೊಂಕಣಿ. ನಾವೆಲ್ಲ ಕನ್ನಡ ಕಲಿತದ್ದು ಶಾಲೆಯ ಬೆಂಚಿನ ಮೇಲೆ. ಸರಿಯಾಗಿ ಬೈದುಬಿಡೋಣ ಎಂದು ಸಹಾಯವಾಣಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಗಂಟೆ ನಾಲ್ಕೂ ಇಪ್ಪತ್ತು.

ಮೂರನೆಯ ಪುಟಕ್ಕೆ ಮರಳಿದೆ. ಉತ್ತರ ಬದಲಿಸಿದರೆ ಮುಂದಿನ ಪುಟಗಳಲ್ಲಿ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಮೂಡಿತು. ನನ್ನ ಬೆರಳು ಅಲ್ಲೇ ನಿಂತಿತು. ತಾಯಿ ಏನಾಯಿತೆಂದು ಕೇಳಿದಳು. ಮಾತು ನಡೆದದ್ದು ಕೊಂಕಣಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಾತೃಭಾಷೆ ಕನ್ನಡ ಅಂತ ಕೊಡಬೇಕಂತೆ. ಇಲ್ಲದಿದ್ದರೆ ಕೆಲಸ ಇಲ್ಲ.”

ಅವಳು ಕೈಯಲ್ಲಿದ್ದ ಅಲಸಂಡೆಯನ್ನು ಪೂರ್ತಿ ಮುರಿದು ತಟ್ಟೆಗೆ ಹಾಕಿದಳು. “ಕೊಡು,” ಎಂದಳು.

ಕೊಟ್ಟೆ. ಅವಳ ಎದುರಿಗೇ ಕುಳಿತು ಕೊಟ್ಟೆ. ಅವಳ ಪ್ರಾರ್ಥನೆಯ ಪುಸ್ತಕದ ಕೊಂಕಣಿ ಕೂಡ ಕನ್ನಡ ಅಕ್ಷರದಲ್ಲೇ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆ ಮಾತ್ರ ಹೋಗಲಿಲ್ಲ. ನಾಲ್ಕನೆಯ ಪುಟ ತೆರೆಯಿತು, ಐದನೆಯದೂ ತೆರೆಯಿತು. ಸರ್ಟಿಫಿಕೇಟು, ಫೋಟೋ, ಸಹಿ ಎಲ್ಲವನ್ನೂ ಮತ್ತೆ ಏರಿಸಿದೆ. ನೆಟ್‌ವರ್ಕ್ ಎರಡು ಸಲ ಹೋಗಿ ಬಂತು. ಬೆವರಿದ ಬೆರಳಿನಿಂದ ಅಂಚೆ ಪಿನ್ ತಪ್ಪಾಗಿ ಒತ್ತಿ, ಅಳಿಸಿ, ಮತ್ತೆ ಒತ್ತಿದೆ.

ಕೊನೆಯ ಪುಟದಲ್ಲಿ ಮಲಯಾಳದಲ್ಲಿ ಒಂದು ಘೋಷಣೆ ಇತ್ತು. ಮೊದಲ ಸಲ ಅದನ್ನು ನಾನು ಓದಿರಲೇ ಇಲ್ಲ. ತಾಯಿ ಬಗ್ಗಿ ನೋಡಿ, ಏನು ಬರೆದಿದ್ದಾರೆಂದು ಕೇಳಿದಳು.

“ಕೊಟ್ಟದ್ದು ಸುಳ್ಳು ಅಂತ ಗೊತ್ತಾದರೆ ಕೆಲಸ ಸಿಕ್ಕಿದ ಮೇಲೂ ತೆಗೆಯುತ್ತಾರಂತೆ. ವಿಚಾರಣೆ ಮಾಡುತ್ತಾರಂತೆ.”

“ಮನೆಗೆ ಬಂದು ವಿಚಾರಿಸುತ್ತಾರಾ?”

“ಬರಬಹುದು! ಈಗ ನನ್ನನ್ನು ಮಾತಾಡಿಸಬೇಡ,” ಎಂದು ರೇಗಿದೆ.

ಐದಕ್ಕೆ ಎಂಟು ನಿಮಿಷ ಇರುವಾಗ ಅರ್ಜಿ ಹೋಯಿತು. ಎದ್ದು ಹೋಗಿ ಮುಖ ತೊಳೆದು ಬರುವಾಗ ತಾಯಿ ಮೇಜಿನ ಮೇಲೆ ಚಹಾ ಇಡುತ್ತಿದ್ದಳು.

“ಚಾ ಕುಡಿ. ಬಿಸಿ ಉಂಟು,” ಎಂದಳು, ಕನ್ನಡದಲ್ಲಿ.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ, ಕೊಂಕಣಿಯಲ್ಲೇ ಏನೋ ಉತ್ತರಿಸಿದೆ. ಅವಳು ನಗಲಿಲ್ಲ. ಪೇಟೆಯಲ್ಲಿ ಮೀನು ಕೊಳ್ಳುವಾಗ ಆಡುವ ಆ ನಾಲ್ಕು ಮಾತಿನ ಕನ್ನಡದಲ್ಲಿ ತಡವರಿಸುತ್ತ ಹೇಳಿದಳು.

“ಇನ್ನು ಮನೆಯಲ್ಲಿ ಹೀಗೆ ಮಾತಾಡುವ. ನನಗೆ ಅಭ್ಯಾಸ ಇಲ್ಲ. ಅವರು ಬಂದ ದಿವಸ ನನ್ನ ಬಾಯಿಂದ ಕೊಂಕಣಿ ಬಂದರೆ ನಿನ್ನ ಕೆಲಸ ಹೋಗ್ತದೆ.”

ಅಷ್ಟೆಲ್ಲ ಯಾರೂ ನೋಡುವುದಿಲ್ಲ ಎನ್ನಬೇಕೆಂದಿದ್ದೆ. ನೋಡುವುದಿಲ್ಲವೆಂದು ನನಗೂ ಖಾತ್ರಿ ಇರಲಿಲ್ಲ. ಮಾತು ಕಲಿತಂದಿನಿಂದ ಅವಳನ್ನು ಮಾಂಯ್ ಎಂದೇ ಕರೆದವಳು ನಾನು.

“ಆಯ್ತು, ಅಮ್ಮಾ,” ಎಂದೆ.