ಗುಳ್ಳವ್ವನ ಚಿತ್ರದ ಪೆಟ್ಟಿಗೆ

ಚಿಗವ್ವನ ಬಲಗೈ ಹೆಬ್ಬೆರಳು ಅರಿಷಿಣದಿಂದ ಹಳದಿ, ತೋರುಬೆರಳು ಬಟ್ಟೆಗೆ ಹಾಕುವ ನೀಲಿಯಿಂದ ನೀಲಿ. ಎರಡೂ ಕೂಡುವ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಹಸಿರು. ರೊಟ್ಟಿ ಬಡಿಯುವಾಗ ನಾನು ಆ ಬೆರಳನ್ನೇ ನೋಡುತ್ತಿದ್ದರೆ, "ಹಿಟ್ಟಿಗೆ ಹತ್ತಂಗಿಲ್ಲವಾ, ತಿನ್ನು" ಎಂದು ಬಿಸಿ ತುಂಡು ಮುರಿದು ಕೊಡುತ್ತಿದ್ದಳು.

ಅಕ್ಕಿಆಲೂರಿನಲ್ಲಿ ಅವಳ ಮನೆ ನಮ್ಮ ಮನೆಯ ಎದುರಿಗೆ. ಸಂಬಂಧವೇನೂ ಇಲ್ಲ. ಅವ್ವ ಅವಳನ್ನು ತಂಗಿ ಎಂದು ಕರೆಯುತ್ತಿದ್ದಳು, ಹಾಗಾಗಿ ನನಗೆ ಚಿಗವ್ವ. ಗಂಡ ಅಕ್ಕಿ ಗಿರಣಿಗೆ ಹೋಗುತ್ತಿದ್ದರು. ಒಬ್ಬಳೇ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಓಣಿಯ ಹುಡುಗಿಯರ ಹಾಡಿಗೆಲ್ಲ ಅವಳೇ ಮುಂದು.

ಒಮ್ಮೆ ಹುಲಗೂರಿನ ಉರುಸಿನಲ್ಲಿ ಒಬ್ಬ ಡಬ್ಬಿಯೊಳಗೆ ಚಿತ್ರ ತೋರಿಸುತ್ತಿದ್ದ. ಹಿಡಿಕೆ ತಿರುವಿದಂತೆ ಚಿತ್ರಗಳು ಸರಿಯುತ್ತಿದ್ದವು. ಕಿಂಡಿಗೆ ಕಣ್ಣು ಹಚ್ಚಿದ ಮಗಳು ಬಸ್ಸು ತಪ್ಪುವ ಹೊತ್ತಾದರೂ ಏಳಲಿಲ್ಲ. "ಏಳವಾ, ಇದರಾಗ ಬರೇ ರಾಜಾರು, ಆನಿ ಅದಾವು. ನಿಮ್ಮ ಹಾಡಿಂದ ನಾವ ಮಾಡೂಣು" ಎಂದಳು ಚಿಗವ್ವ.

ಹೇಳಿದ್ದನ್ನು ಮಾಡಿದಳು. ಚಹಾದ ಪೆಟ್ಟಿಗೆಯ ಮುಂಭಾಗ ಕೊಯ್ಸಿ ಕಿಟಕಿ ಮಾಡಿಸಿದಳು. ಒಳಗೆ ಎರಡು ಲಟ್ಟಣಿಗೆ ನಿಲ್ಲಿಸಿ, ಒಂದಕ್ಕೆ ಹಳೆಯ ಹೊಲಿಗೆ ಯಂತ್ರದ ಹಿಡಿಕೆ ಕೂಡಿಸಿದಳು. ಹಾಳೆಗೆ ಹಾಳೆ ಅಂಟಿಸಿ ಉದ್ದನೆಯ ಸುರುಳಿಯಾಯಿತು. ಮಗಳು ಹಾಡುವುದು, ತಾಯಿ ಅರಿಷಿಣ, ನೀಲಿ ಕಲಸಿ ಚಿತ್ರ ಬರೆಯುವುದು.

"ಯವ್ವಾ, ಗುಳ್ಳವ್ವಗ ನಿನ್ನ ಮೂಗ ಬರದೀಯಲ್ಲ!"

"ಮತ್ಯಾರದು ಬರೀಲಿ? ನಿಮ್ಮಪ್ಪಂದು ಬರದ್ರ ಹಾಳಿ ಸಾಲಂಗಿಲ್ಲ."

ಆಷಾಢದ ಮಂಗಳವಾರಗಳಲ್ಲಿ ನಾವು ಹುಡುಗಿಯರು ಹಸಿಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಚುಚ್ಚಿ ಸಿಂಗರಿಸಿ, ಹಾಡುತ್ತಿದ್ದೆವು. ಕೊನೆಯ ಮಂಗಳವಾರ ಅವಳನ್ನು ಕೆರೆಗೆ ಕಳಿಸುವುದು. ನಮ್ಮ ಓಣಿಯಲ್ಲಿ ಒಬ್ಬೊಬ್ಬಳಿಗೆ ಹಾಡಿನ ಒಂದೊಂದು ನುಡಿ. ಅವಳ ನುಡಿಯನ್ನು ಅವಳೇ ಹಾಡಬೇಕು. ಅವಳು ಊರಲ್ಲಿ ಇರದಿದ್ದರೆ ಉಳಿದವರು ಅಷ್ಟು ಹೊತ್ತು ಬಾಯಿ ಮುಚ್ಚಿ ಕೂಡಬೇಕು. ಗುಳ್ಳವ್ವನನ್ನು ಕಳಿಸುವ ಕೊನೆಯ ನುಡಿ ಚಿಗವ್ವನ ಮಗಳದು.

ಆ ವರ್ಷ ಕೆರೆಯ ಮೆಟ್ಟಿಲು ಪಾಚಿಗಟ್ಟಿತ್ತು. ಗುಳ್ಳವ್ವನನ್ನು ನೀರಿಗೆ ಬಿಡಲು ಬಗ್ಗಿದ ಚಿಗವ್ವನ ಮಗಳು ಜಾರಿದಳು. ನಾವು ಚೀರುತ್ತ ನಿಂತೆವು. ದೊಡ್ಡವರು ಓಡಿ ಬರುವಷ್ಟರಲ್ಲಿ ನೀರು ಸಮನಾಗಿತ್ತು.

ಸುರುಳಿಯಲ್ಲಿ ಬರೆಯದೆ ಉಳಿದಿದ್ದದ್ದು ಒಂದೇ ಚಿತ್ರ, ಕಳಿಸುವುದು.

ಮರುವರ್ಷ ಆಷಾಢ ಬಂದಾಗ ನಾವು ಆ ಬಾಗಿಲಿನ ಮುಂದೆ ಸದ್ದಿಲ್ಲದೆ ಹಾಯುತ್ತಿದ್ದೆವು. ಚಿಗವ್ವನೇ ಹೊರಗೆ ಬಂದು, "ಯಾಕ್ರೇ, ನಮ್ಮ ಮನಿ ಬ್ಯಾಡಾತೇನ?" ಎಂದು ಒಳಗೆ ಕರೆದಳು. ಕಿಟಕಿ ಬಾಗಿಲು ಮುಚ್ಚಿ, ಪೆಟ್ಟಿಗೆಯ ಹಿಂದೆ ಕಂದೀಲು ಹಚ್ಚಿದಳು. ಹಿಡಿಕೆ ತಿರುಗಿತು. ಮಣ್ಣು ಕಲಸುವ ಹುಡುಗಿಯರು, ಮೂಗುತಿ ಇಟ್ಟ ಗುಳ್ಳವ್ವ ಒಂದೊಂದಾಗಿ ಸರಿದರು. ನಮ್ಮ ನಮ್ಮ ನುಡಿ ಹಾಡಿದೆವು. ಆಮೇಲೆ ಬರಿ ಹಾಳೆ ಬಂತು. ಕಂದೀಲಿನ ಹಳದಿ ಬೆಳಕು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಹಿಡಿಕೆ ಮಾತ್ರ ಕಿರ್ ಕಿರ್ ಎನ್ನುತ್ತಿತ್ತು.

"ಸುಮ್ಕಿರ್ರಿ" ಎಂದಳು ಮೆಲ್ಲಗೆ. "ಅಕೀ ನುಡಿ ನಡದೈತಿ."

ಪ್ರತಿ ವರ್ಷ ಹೀಗೆಯೇ. ಯಾವ ಮಂಗಳವಾರ ಯಾರು ಬಂದರು, ಯಾವ ನುಡಿ ಯಾರ ಪಾಲಿಗೆ ಬಂತು ಎಂದು ನಾನು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಕೊನೆಯ ನುಡಿಯ ಮುಂದೆ ಚಿಗವ್ವನ ಮಗಳ ಹೆಸರನ್ನೇ ಬರೆಯುತ್ತಿದ್ದೆ. ಒಮ್ಮೆ ಒಂದು ಸಣ್ಣ ಹುಡುಗಿ ಬರಿ ಹಾಳೆಗೆ ಬೊಟ್ಟು ಮಾಡಿ, "ಅಲ್ಲಿ ಯಾರೋ ಕುಂತಾರ" ಎಂದಳು. ಚಿಗವ್ವ ಹಿಡಿಕೆ ಬಿಡದೆ ಕೇಳಿದಳು: "ಹೌದಾ? ಹೆಳಲ ಹಾಕ್ಕೊಂಡಾಳೇನ ನೋಡು."

ಮೂಲೆಮನೆಯ ಆಯಿ ಇದನ್ನು ಕೇಳಿ ಕಟ್ಟೆಯ ಮೇಲಿಂದಲೇ ಕೂಗಿದಳು: "ಹೋದಾಕಿನ್ನ ಇನ್ನೆಷ್ಟ ವರ್ಷ ಕುಂದರಸ್ತೀಯ? ಅದೊಂದ ಚಿತ್ರಾ ಬರದು ಮುಗಸಬಾರದ?"

"ಬರದ್ರ ಹೋಗೇಬಿಡ್ತಾಳ್ರಿ, ಆಯಿ" ಎಂದು ಚಿಗವ್ವ ಒಳಗೆ ಹೋದಳು.

ನಾನು ಶಿಕ್ಷಕಿಯ ಟ್ರೇನಿಂಗ್ ಮುಗಿಸಿ ಬಂದ ವರ್ಷ, ನೆರೆಮನೆಗೆ ಸವಣೂರಿನಿಂದ ಒಂದು ಹುಡುಗಿ ಬಂದಿತ್ತು. ಅದಕ್ಕೆ ಹಾಡು ಗೊತ್ತು, ನಮ್ಮ ರೂಢಿ ಗೊತ್ತಿಲ್ಲ. ಬರಿ ಹಾಳೆ ಬಂದು ಎಲ್ಲರೂ ಸುಮ್ಮನಾದಾಗ, ಪಾಪ, ನಮಗೆ ನುಡಿ ಮರೆತಿದೆ ಎಂದುಕೊಂಡಿತೇನೋ, ಗಟ್ಟಿ ದನಿ ತೆಗೆದು ಕಳಿಸುವ ನುಡಿಯನ್ನು ಹಾಡಿಬಿಟ್ಟಿತು. ಪಕ್ಕದವಳು ಅದರ ತೊಡೆ ಚಿವುಟಿದಳು.

"ಬಿಡ್ರೇ, ಹಾಡ್ಲಿ" ಎಂದಳು ಚಿಗವ್ವ. ನುಡಿ ಮುಗಿಯುವ ತನಕ ಅವಳ ಕೈ ನಿಲ್ಲಲಿಲ್ಲ. "ಛಲೋ ಹಾಡಿದಿವಾ" ಎಂದು ಅದರ ಉಡಿಗೆ ಶೇಂಗಾ ಬೆಲ್ಲ ಹಾಕಿ ಕಳಿಸಿದಳು.

ಎಲ್ಲರೂ ಹೋದ ಮೇಲೆ ಕಂದೀಲು ಆರಿಸಿ, ಕಿಟಕಿ ತೆಗೆಯದೆ ಕುಳಿತಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಇಷ್ಟ ವರ್ಷ ಅಕೀ ಜಾಗಾ ಹಿಡದಿಟ್ಟಿದ್ನಿ. ಇವತ್ತ ತುಂಬಿತು. ಇನ್ನ ಬಂದ್ರ ಎಲ್ಲಿ ಕುಂದ್ರಬೇಕಾಕಿ?"

ನಾನು ಒಳಗೆ ಹೋಗಿ ಅವಳ ಪಕ್ಕ ಕುಳಿತೆ.

ಕೆಲವು ದಿನ ಅವಳ ಬಾಗಿಲು ಹಾಕಿಯೇ ಇತ್ತು. ಆಮೇಲೆ ನನ್ನೊಬ್ಬಳನ್ನೇ ಕರೆದಳು. ಬರಿ ಹಾಳೆಯ ಮೇಲೆ ಚಿತ್ರ ಬಂದಿತ್ತು. ಕೆರೆ ಹಿಂದೆ ದೂರದಲ್ಲಿ, ನೀಲಿಯ ಒಂದು ಗೆರೆ ಮಾತ್ರ. ಮುಂದೆ, ಗುಳ್ಳವ್ವನನ್ನು ಕಳಿಸಿ ಬರಿಗೈಯಲ್ಲಿ ಮನೆಗೆ ತಿರುಗಿದ ಹುಡುಗಿಯರು. ಅವರ ಲಂಗದ ಅಂಚಿನಿಂದ ಒಬ್ಬೊಬ್ಬರ ಗುರುತು ಸಿಕ್ಕಿತು. ನಾನು ಎಣಿಸಿದೆ. ಆ ದಿನ ಎಷ್ಟು ಜನ ಹೋಗಿದ್ದೆವೋ ಅಷ್ಟೂ ಜನ ತಿರುಗಿ ಬರುತ್ತಿದ್ದರು. ಎಲ್ಲರಿಗಿಂತ ಮುಂದಿದ್ದವಳ ಬಾಯಿ ಹಾಡುವಂತೆ ತೆರೆದಿತ್ತು.

"ಲೆಕ್ಕ ಸರಿ ಐತೇನವಾ?"

"ಸರಿ ಐತಿ, ಚಿಗವ್ವಾ."

ಆ ಚಳಿಗಾಲದಲ್ಲಿ ಜ್ವರ ಬಂದು ಚಿಗವ್ವ ತೀರಿಕೊಂಡಳು. ಪೆಟ್ಟಿಗೆಯನ್ನು ಅವಳ ಗಂಡ ತಂದು ನನ್ನ ಕೈಗೆ ಕೊಟ್ಟರು.

ಈಗ ನಾನು ಹಿರೇಕೆರೂರಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಆಷಾಢ ಬಂದರೆ ಪೆಟ್ಟಿಗೆ ತೆಗೆಯುತ್ತೇನೆ. ನುಡಿಗಳನ್ನು ಹುಡುಗಿಯರಿಗೆ ಹಂಚುತ್ತೇನೆ, ಕೊನೆಯದೊಂದನ್ನು ಯಾರಿಗೂ ಕೊಡುವುದಿಲ್ಲ. ಮೊನ್ನೆಯ ಮಂಗಳವಾರ, ಆ ಚಿತ್ರ ಬಂದು ಕೋಣೆಯೆಲ್ಲ ಸುಮ್ಮನಾದಾಗ, ಮುಂದೆ ಕುಳಿತ ಪುಟ್ಟಿ ಕೇಳಿದಳು:

"ಅಕ್ಕೋರ, ಮುಂದಿನಾಕಿ ಹಾಡಾಕತ್ತಾಳಲ್ರಿ, ನಮಗ ಯಾಕ ಕೇಳವಲ್ದು?"

ನಾನು ಹಿಡಿಕೆಯನ್ನು ಇನ್ನಷ್ಟು ನಿಧಾನವಾಗಿ ತಿರುವಿದೆ.